ಗಾಲಿ ಮೇಲಿನ ಮನೆ, ನಿಂತ ನೀರು

ನಮ್ಮ ಹಳೆಯ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ವ್ಯಾನ್ ಮಾಡಿಸುವಾಗ ಶೆಡ್ಡಿನ ಮೇಸ್ತ್ರಿ ಮಂಚದ ಕೆಳಗೆ 120 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಕೂರಿಸಿದರು. ಅದರ ಬಾಯಿ ಎರಡು ಬೆರಳು ತೂರುವಷ್ಟೇ ಇತ್ತು. ಒಳಗೆ ತೊಳೆಯೋದು ಹೇಗೆ ಅಂತ ಕೇಳಿದೆ. “ಸ್ನಾನಕ್ಕೆ, ಪಾತ್ರೆಗೆ ತಾನೇ ಮೇಡಂ ಈ ನೀರು? ಕುಡಿಯೋಕೆ ಹೇಗಿದ್ರೂ ಕ್ಯಾನ್ ಇಟ್ಕೋತೀರ. ಏನೂ ಆಗಲ್ಲ ಬಿಡಿ” ಅಂದರು. ಬಿಟ್ಟೆ. ಆ ವರ್ಷ ಮಳೆಗಾಲವಿಡೀ ಗಾಡಿ ಮನೆ ಮುಂದೆ ನಿಂತೇ ಇತ್ತು. ದಸರಾ ರಜೆಗೆ ಹೊರಡುವ ಹಿಂದಿನ ದಿನ ನಲ್ಲಿ ತಿರುಗಿಸಿದರೆ ಕೊಳೆತ ಹೂವಿನ ವಾಸನೆ. ಪಂಪಿನ ಮುಂದಿನ ಜಾಲರಿ ಬಿಚ್ಚಿ ನೋಡಿದೆ. ಕಂದು ಬಣ್ಣದ ಲೋಳೆ ಬೆರಳಿಗೆ ಎಳೆ ಎಳೆಯಾಗಿ ಅಂಟಿಕೊಂಡಿತು.

“ಕುಡಿಯೋಕಲ್ಲ ತಾನೇ” ಎಂಬ ಮಾತು ಎಷ್ಟು ತಪ್ಪು ಎಂದು ಆಮೇಲೆ ಒಂದೊಂದಾಗಿ ಲೆಕ್ಕ ಹಾಕಿದೆ. ಅದೇ ನೀರಲ್ಲಿ ಹಲ್ಲುಜ್ಜುತ್ತೇವೆ. ಕೊತ್ತಂಬರಿ ಸೊಪ್ಪು, ಟೊಮೇಟೊ ತೊಳೆಯುತ್ತೇವೆ. ತೊಳೆದ ಲೋಟದಲ್ಲಿ ಉಳಿದ ಹನಿಯ ಮೇಲೆಯೇ ಕ್ಯಾನ್ ನೀರು ಸುರಿದುಕೊಳ್ಳುತ್ತೇವೆ. ಮಕ್ಕಳು ಶವರ್ ಕೆಳಗೆ ಬಾಯಿ ತೆರೆದುಕೊಂಡೇ ನಿಲ್ಲುತ್ತಾರೆ. ನಾವೆಲ್ಲ ಆ ಶವರಿನ ಸಣ್ಣ ತುಂತುರನ್ನು ಉಸಿರಾಡುತ್ತೇವೆ. ಗಾಡಿಯ ಟ್ಯಾಂಕಿನ ನೀರು ಕುಡಿಯುವ ಗುಣಮಟ್ಟದ್ದೇ ಆಗಿರಬೇಕು. ಆಮೇಲೆ ಅದನ್ನು ಕುಡಿಯುವುದೋ ಬಿಡುವುದೋ ಅವರವರ ಇಷ್ಟ. ನಾವು ಈಗಲೂ ಕುಡಿಯಲು ಬೇರೆ ಕ್ಯಾನೇ ಇಡುತ್ತೇವೆ. ಟ್ಯಾಂಕಿನ ಬಗ್ಗೆ ಮಾತ್ರ ರಿಯಾಯಿತಿ ಇಲ್ಲ.

ಮನೆಯ ಸಂಪಿಗೂ ಗಾಡಿಯ ಟ್ಯಾಂಕಿಗೂ ಇರುವ ವ್ಯತ್ಯಾಸ ಮೊದಲು ಅರ್ಥವಾಗಬೇಕು. ಸಂಪು ನೆಲದೊಳಗೆ ತಣ್ಣಗಿರುತ್ತದೆ. ದಿನವೂ ಖಾಲಿಯಾಗಿ ದಿನವೂ ತುಂಬುತ್ತದೆ. ಗಾಡಿಯ ಟ್ಯಾಂಕು ಹಾಗಲ್ಲ. ನಾಲ್ಕು ದಿನ ಓಡಿ ನಲವತ್ತು ದಿನ ನಿಲ್ಲುವುದು ಅದರ ಪಾಡು. ಬಿಸಿಲಲ್ಲಿ ನಿಂತ ಗಾಡಿಯೊಳಗೆ ನೀರು ಬೆಚ್ಚಗಾಗುತ್ತದೆ. ಇಂದು ಬೆಂಗಳೂರಿನ ನೀರು, ನಾಳೆ ಚಿತ್ರದುರ್ಗದ ಬೋರ್‌ವೆಲ್ ನೀರು, ನಾಡಿದ್ದು ಗೋಕರ್ಣದ ಯಾವುದೋ ಹೋಂಸ್ಟೇಯ ಬಾವಿ ನೀರು ಅದೇ ಹೊಟ್ಟೆಗೆ ಬೀಳುತ್ತದೆ. ಪೈಪಿನ ಪ್ರತಿ ಮೂಲೆಯಲ್ಲೂ ಸ್ವಲ್ಪ ಸ್ವಲ್ಪ ಹಳೆಯದು ಉಳಿದಿರುತ್ತದೆ.

ಊರಿನ ನಲ್ಲಿ ನೀರನ್ನು ದಾರಿಯುದ್ದಕ್ಕೂ ಕಾಯುವುದು ಅದರಲ್ಲಿ ಉಳಿದಿರುವ ಕ್ಲೋರಿನ್. ಬೆಂಗಳೂರಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಸುಮಾರು 100 ಕಿ.ಮೀ. ಪೈಪಿನಲ್ಲಿ ಬರುತ್ತದೆ. ಅಷ್ಟು ದೂರವೂ ರೋಗಾಣು ಸೇರದಂತೆ ಕಾಯಲು ಒಂದಿಷ್ಟು ಕ್ಲೋರಿನ್ ಜೊತೆಗೇ ಪ್ರಯಾಣ ಮಾಡಬೇಕು. ಅದನ್ನು ನೀರಿನೊಳಗಿನ ನೀರುಗಂಟಿ ಅಂದುಕೊಳ್ಳಿ. ನಮ್ಮ ಕುಡಿಯುವ ನೀರಿನ ಮಾನಕವಾದ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮೇಲ್ಮಿತಿ ಲೀಟರಿಗೆ 5 ಮಿಲಿಗ್ರಾಂ. ಈ ನೀರುಗಂಟಿಗೆ ಆಯಸ್ಸು ಕಡಿಮೆ. ನೀರು ಬಿಸಿಯಾದಷ್ಟೂ, ಅದರಲ್ಲಿ ಮಣ್ಣು, ಪಾಚಿ, ಲೋಳೆ ಹೆಚ್ಚಿದಷ್ಟೂ ಬೇಗ ಖರ್ಚಾಗಿಬಿಡುತ್ತದೆ. ಬೆಚ್ಚಗಿನ, ಸ್ವಲ್ಪ ಕೊಳೆಯಿರುವ ಟ್ಯಾಂಕಿನಲ್ಲಿ ಅದು ವಾರಗಟ್ಟಲೆ ಉಳಿದಿರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅಲ್ಲಿನ ಆರ್‌ಒ ನೀರು ತುಂಬಿಸಿಕೊಂಡರೆ ಟ್ಯಾಂಕಿನ ಚಿಂತೆ ಮುಗಿಯಿತು ಅಂತ ನಾನೂ ನಂಬಿದ್ದೆ. ಆ ನೀರು ಕುಡಿಯಲು ಒಳ್ಳೆಯದೇ. ಆದರೆ ಅದರಲ್ಲಿ ಕ್ಲೋರಿನ್ ಇರುವುದಿಲ್ಲ. ಘಟಕದ ನಲ್ಲಿಯಿಂದ ಬಿದ್ದ ಗಳಿಗೆಯಿಂದ ಆ ನೀರಿಗೆ ಕಾವಲಿಲ್ಲ. ಕ್ಯಾನಿನಲ್ಲಿಟ್ಟು ಎರಡು ದಿನದಲ್ಲಿ ಕುಡಿದು ಮುಗಿಸುವುದಕ್ಕೆ ಅದು ಸರಿ. ಗಾಡಿಯ ಟ್ಯಾಂಕಿನಲ್ಲಿ ಹತ್ತು ದಿನ ಕೂರಿಸಿದರೆ ಕ್ಲೋರಿನ್ ಘಾಟು ಹೊಡೆಯುವ ಪಟ್ಟಣದ ನಲ್ಲಿ ನೀರಿಗಿಂತ ಬೇಗ ಕೆಡಬಹುದು. ಟ್ಯಾಂಕಿಗೆ ನೀರು ತುಂಬುವ ಬಾಯಿಯಲ್ಲೇ ಕಾರ್ಬನ್ ಫಿಲ್ಟರ್ ಹಾಕಿಸುವವರದ್ದೂ ಇದೇ ಕಥೆ. ಕಾರ್ಬನ್ ವಾಸನೆ ತೆಗೆಯುತ್ತದೆ ಅನ್ನುತ್ತಾರೆ. ಅದು ತೆಗೆಯುವ ವಾಸನೆಯೇ ಕ್ಲೋರಿನ್. ಊರ ಬಾಗಿಲಲ್ಲೇ ನೀರುಗಂಟಿಯನ್ನು ಮನೆಗೆ ಕಳಿಸಿದ ಹಾಗಾಯಿತು. ಕಾರ್ಬನ್ ಫಿಲ್ಟರ್ ಬೇಕಿದ್ದರೆ ಅಡುಗೆ ನಲ್ಲಿಯ ಕೆಳಗೆ, ಕೊನೆಯ ಗಳಿಗೆಯಲ್ಲಿ ಇರಲಿ. ಟ್ಯಾಂಕಿನ ಮುಂದೆ ಮಣ್ಣು ಹಿಡಿಯುವ ಸೆಡಿಮೆಂಟ್ ಫಿಲ್ಟರ್ ಮಾತ್ರ ಸಾಕು.

ಈಗ ಆ ಲೋಳೆಯ ವಿಷಯ. ವಿಜ್ಞಾನಿಗಳು ಅದನ್ನು ಬಯೋಫಿಲ್ಮ್ ಅನ್ನುತ್ತಾರೆ. ಬ್ಯಾಕ್ಟೀರಿಯಾಗಳು ನೀರಿನಲ್ಲಿ ಒಂಟಿಯಾಗಿ ತೇಲುವುದಕ್ಕಿಂತ ಯಾವುದಾದರೂ ಗೋಡೆಗೆ ಅಂಟಿಕೊಂಡು, ತಾವೇ ಸ್ರವಿಸಿದ ಅಂಟಿನೊಳಗೆ ಗುಂಪಾಗಿ ಬದುಕಲು ಇಷ್ಟಪಡುತ್ತವೆ. ಬಾವಿಕಟ್ಟೆಯ ಕಲ್ಲು ಜಾರುವುದು, ತೊಳೆಯದ ಬಿಂದಿಗೆಯ ಒಳಮೈ ಕೈಗೆ ನುಣುಪಾಗುವುದು ಇದರಿಂದಲೇ. ಲೋಳೆಯೊಳಗಿನ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ಸುಲಭಕ್ಕೆ ತಾಗುವುದಿಲ್ಲ. ಮೇಲಿನ ಪದರದಲ್ಲೇ ಕ್ಲೋರಿನ್ ಖರ್ಚಾಗಿ ಒಳಗಿನವು ಉಳಿದುಬಿಡುತ್ತವೆ. ಅದಕ್ಕೇ ಕೊಳೆಯಾದ ಟ್ಯಾಂಕಿಗೆ ಮೇಲಿಂದ ಔಷಧಿ ಸುರಿದರೆ ಎರಡು ವಾರದಲ್ಲಿ ವಾಸನೆ ಮತ್ತೆ ಹಾಜರು. ಮೊದಲು ಉಜ್ಜಬೇಕು, ಆಮೇಲೆ ಔಷಧಿ. ಉಜ್ಜಬೇಕಾದರೆ ಕೈ ಒಳಗೆ ಹೋಗಬೇಕು.

ಲೋಳೆಯಲ್ಲಿ ಬೀಡುಬಿಡುವ ಒಂದು ಬ್ಯಾಕ್ಟೀರಿಯಾ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಸಮಾವೇಶ ನಡೆಯಿತು. ಮುಗಿದ ಕೆಲವೇ ದಿನಗಳಲ್ಲಿ ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಮಲಗಿದರು. ಒಟ್ಟು 34 ಮಂದಿ ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದದ್ದು ಮುಂದಿನ ಜನವರಿಯಲ್ಲಿ. ಸಂಘದ ಹೆಸರೇ ಅದಕ್ಕೂ ಬಂತು: ಲೀಜಿಯೊನೆಲ್ಲಾ. ಇದು ಸಾಮಾನ್ಯವಾಗಿ ಹರಡುವುದು ನೀರು ಕುಡಿದು ಅಲ್ಲ, ನೀರಿನ ತುಂತುರು ಉಸಿರಲ್ಲಿ ಸೇರಿ. 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಬೆಳೆಯುತ್ತದೆ. 60 ಡಿಗ್ರಿ ದಾಟಿದರೆ ಸಾಯುತ್ತದೆ. ಯುರೋಪಿನ ಚಳಿಯಲ್ಲಿ ಟ್ಯಾಂಕಿನ ನೀರು ತಣ್ಣಗಿದ್ದು ಅರ್ಧ ವರ್ಷ ತಾನಾಗಿ ರಕ್ಷಣೆ ಸಿಗುತ್ತದೆ. ನಮ್ಮ ಕಲಬುರಗಿ, ರಾಯಚೂರು, ಕರಾವಳಿಯಲ್ಲಿ ನೆರಳಲ್ಲಿಟ್ಟ ನೀರೂ ವರ್ಷದ ಬಹುಪಾಲು ದಿನ ಈ ಬೆಳೆಯುವ ಬಿಸಿಯೊಳಗೇ ಇರುತ್ತದೆ. ಹೆದರಬೇಕಿಲ್ಲ, ಎರಡು ಅಭ್ಯಾಸ ಸಾಕು. ಗಾಡಿ ಬಹಳ ದಿನ ನಿಂತಿದ್ದರೆ ಮೊದಲ ಸ್ನಾನಕ್ಕೆ ಮುಂಚೆ ಶವರಿನ ತಲೆ ಬಿಚ್ಚಿ, ಕಿಟಕಿ ಬಾಗಿಲು ತೆಗೆದು, ನೀವು ದೂರ ನಿಂತು ಕೆಲವು ನಿಮಿಷ ನೀರು ಹರಿಸಿ. ಗೀಸರನ್ನು ಉಗುರುಬೆಚ್ಚಗೆ ಇಟ್ಟುಕೊಂಡಿರಬೇಡಿ. 60 ಡಿಗ್ರಿಗೆ ಕಾಯಿಸಿ, ತಣ್ಣೀರು ಬೆರೆಸಿ ಬಳಸಿ. ವಯಸ್ಸಾದವರು, ಶ್ವಾಸಕೋಶದ ತೊಂದರೆ ಇರುವವರು ಜೊತೆಯಲ್ಲಿದ್ದರೆ ಇದನ್ನು ಮರೆಯಲೇಬಾರದು.

ಟ್ಯಾಂಕು ತೊಳೆಯುವ ಕ್ರಮಕ್ಕೆ ಬರೋಣ. ನಾವು ವರ್ಷಕ್ಕೆ ಎರಡು ಸಲ, ಮತ್ತೆ ಗಾಡಿ ತಿಂಗಳು ಮೀರಿ ನಿಂತಾಗಲೆಲ್ಲ ಮಾಡುತ್ತೇವೆ. ಹಿಂದಿನ ದಿನವೇ ಗೀಸರ್ ಆರಿಸಿಬಿಡಬೇಕು. ಬಿಸಿ ನೀರು ಒತ್ತಡದಲ್ಲಿರುವಾಗ ಅದರ ಬಿರಡೆ ಬಿಚ್ಚಿದರೆ ಮುಖ ಸುಡುತ್ತದೆ. ಮೊದಲು ಟ್ಯಾಂಕು ಪೂರ್ತಿ ಖಾಲಿ ಮಾಡಿ, ತಳದಲ್ಲಿ ಕೂತ ಮಣ್ಣನ್ನು ಬಟ್ಟೆಯಿಂದ ಬಳಿದು ತೆಗೆದು, ಒಳಗೋಡೆಯನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ತಂತಿ ಬ್ರಷ್ ಬೇಡ, ಪ್ಲಾಸ್ಟಿಕ್ಕಿನಲ್ಲಿ ಗೀರು ಬಿದ್ದರೆ ಅದೇ ಮುಂದೆ ಲೋಳೆಗೆ ಮನೆ. ಆಮೇಲೆ ಎಲ್ಲ ಫಿಲ್ಟರ್ ಕಾರ್ಟ್ರಿಜ್‌ಗಳನ್ನೂ ಹೊರತೆಗೆಯಿರಿ. ಇದ್ದರೆ ಅವೇ ಕ್ಲೋರಿನ್ ಕುಡಿದುಬಿಡುತ್ತವೆ, ಪೈಪಿಗೆ ಏನೂ ತಲುಪುವುದಿಲ್ಲ.

ಔಷಧಿಯ ಲೆಕ್ಕ ನೆನಪಿಡಲು ಸುಲಭ. ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಅಂದರೆ ದ್ರವರೂಪದ ಬ್ಲೀಚ್, ಲೀಟರ್ ನೀರಿಗೆ 1 ಮಿ.ಲೀ. ಹಾಕಿದರೆ ಕ್ಲೋರಿನ್ ಪ್ರಮಾಣ ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ಅಮೆರಿಕದಲ್ಲಿ ಮೋಟರ್‌ಹೋಮ್‌ಗಳ ಟ್ಯಾಂಕು ಶುದ್ಧಿಗೆ ಬಳಸುವ ಪ್ರಮಾಣವೂ ಇಷ್ಟೇ: 50 ಮಿಲಿಗ್ರಾಂ, ನಾಲ್ಕು ಗಂಟೆ. ಹೊತ್ತಿಲ್ಲದಿದ್ದರೆ 100 ಮಿಲಿಗ್ರಾಂ, ಒಂದು ಗಂಟೆ. ನಮ್ಮ 120 ಲೀಟರ್ ಟ್ಯಾಂಕಿಗೆ 120 ಮಿ.ಲೀ., ಅಂದರೆ ಒಂದು ದೊಡ್ಡ ಕಾಫಿ ಲೋಟ. ಗೀಸರ್ ಮತ್ತು ಪೈಪಿನ ಲೆಕ್ಕಕ್ಕೆ ಇನ್ನೊಂದು 15 ಮಿ.ಲೀ. ಕೊಳ್ಳುವಾಗ ಬಾಟಲಿಯ ಮೇಲೆ ಶೇಕಡಾ ಎಷ್ಟು ಅಂತ ನೋಡಿ, ತಯಾರಾದ ತಿಂಗಳನ್ನೂ ನೋಡಿ. ಬಿಸಿಲಿಗೂ ಸೆಖೆಗೂ ಇದರ ಕಸುವು ಇಳಿಯುತ್ತಾ ಹೋಗುತ್ತದೆ. ಪರಿಮಳ, ಸೋಪು ಬೆರೆಸಿದ ನೆಲ ಒರೆಸುವ ಬಾಟಲಿ ಬೇಡವೇ ಬೇಡ. ಪಂಚಾಯಿತಿಯವರು ಹಾಕುವ ಬ್ಲೀಚಿಂಗ್ ಪೌಡರೂ ಆಗುತ್ತದೆ. ಒಳ್ಳೆಯ ಪುಡಿಯಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುವುದರಿಂದ 100 ಲೀಟರಿಗೆ 15 ಗ್ರಾಂ ಸಾಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಸಿದು ಹಾಕಬೇಕು. ಇಲ್ಲದಿದ್ದರೆ ಆ ಸುಣ್ಣ ಪಂಪು ತಿನ್ನುತ್ತದೆ.

ಟ್ಯಾಂಕು ಅರ್ಧ ತುಂಬಿಸಿ, ಬಕೆಟ್ ನೀರಿನಲ್ಲಿ ತೆಳುವಾಗಿಸಿದ ದ್ರಾವಣ ಸುರಿದು, ಆಮೇಲೆ ಕಂಠದವರೆಗೂ ತುಂಬಿಸಿ. ಮೇಲ್ಭಾಗದ ಗೋಡೆಗೂ ಔಷಧಿ ತಾಗಬೇಕಲ್ಲ. ಪಂಪು ಹಾಕಿ, ಸಿಂಕಿನ ತಣ್ಣೀರು, ಬಿಸಿನೀರು, ಶವರ್, ಹೊರಗಡೆ ಕಾಲು ತೊಳೆಯುವ ನಲ್ಲಿ, ಒಂದನ್ನೂ ಬಿಡದೆ ಘಾಟು ಮೂಗಿಗೆ ಬರುವವರೆಗೆ ತೆರೆಯಿರಿ. ಯಾರೂ ತಿರುಗಿಸದ ಆ ಹೊರಗಿನ ನಲ್ಲಿಯ ಪೈಪಿನಲ್ಲೇ ಹಳೇ ನೀರು ಹೆಚ್ಚು ಕೂತಿರುತ್ತದೆ. ನಾಲ್ಕು ಗಂಟೆ ಬಿಟ್ಟು, ಪೂರ್ತಿ ಖಾಲಿ ಮಾಡಿ, ಹೊಸ ನೀರಿನಲ್ಲಿ ಎರಡು ಸಲ ತೊಳೆದರೆ ಘಾಟು ಹೋಗುತ್ತದೆ. ಖಾಲಿ ಮಾಡುವುದು ಮನೆಯ ಚರಂಡಿಗೆ. ಹಳ್ಳದ ದಡದಲ್ಲಿ, ಕೆರೆ ಏರಿಯ ಮೇಲೆ ಬಿಚ್ಚಬೇಡಿ. ಅಷ್ಟು ಕ್ಲೋರಿನ್ ಮೀನಿಗೆ ವಿಷ. ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು. ಬಿಳಿ ಕಲೆ ಹೋಗಲಿ ಅಂತ ವಿನೆಗರ್ರೋ ನಿಂಬೆರಸವೋ ಟಾಯ್ಲೆಟ್ ಆ್ಯಸಿಡ್ಡೋ ಇದರ ಜೊತೆ ಸೇರಿಸಿದರೆ ವಿಷಾನಿಲ ಏಳುತ್ತದೆ. ವ್ಯಾನಿನಂಥ ಇಕ್ಕಟ್ಟಿನಲ್ಲಿ ಅದು ಉಸಿರು ಕಟ್ಟಿಸಿಬಿಡುತ್ತದೆ. ಎರಡೂ ಕೆಲಸ ಬೇಕಿದ್ದರೆ ಬೇರೆ ಬೇರೆ ದಿನ, ನಡುವೆ ಚೆನ್ನಾಗಿ ತೊಳೆದು.

ಇದು ತೊಳೆಯುವ ಪ್ರಮಾಣ. ದಿನಬಳಕೆಯ ನೀರಿಗೆ ಇದರ ಐವತ್ತನೇ ಒಂದು ಪಾಲು ಸಾಕು. ದಾರಿಯಲ್ಲಿ ಬಾವಿ ನೀರು, ಬೋರ್ ನೀರು ತುಂಬಿಸಿದರೆ ನಾವು 100 ಲೀಟರಿಗೆ ಅದೇ ಶೇಕಡಾ 5ರ ದ್ರಾವಣ 2 ಮಿ.ಲೀ. ಹಾಕಿ ಅರ್ಧ ಗಂಟೆ ಕಾಯುತ್ತೇವೆ. ಆಮೇಲೆ ಕ್ಲೋರಿನ್ ಉಳಿದಿದೆಯೇ ಎಂದು ಕ್ಲೋರೋಸ್ಕೋಪಿನಲ್ಲಿ ಪರೀಕ್ಷೆ. ಪುಟ್ಟ ಗಾಜಿನ ನಳಿಕೆಗೆ ನೀರು ಹಾಕಿ ಎರಡು ಹನಿ ಔಷಧಿ ಬಿಟ್ಟರೆ ಹಳದಿಯಾಗುತ್ತದೆ. ಹಳದಿ ಎಷ್ಟು ಗಾಢ ಅಂತ ಬಣ್ಣದ ಪಟ್ಟಿಗೆ ಹೋಲಿಸಬೇಕು. ಗ್ರಾಮಗಳ ಆರೋಗ್ಯ ಸಿಬ್ಬಂದಿ ಬಳಸುವುದೂ ಇದನ್ನೇ. ಬಣ್ಣ ಬರದಿದ್ದರೆ ನೀರಿನಲ್ಲಿನ ಕೊಳೆ ಕ್ಲೋರಿನ್ ತಿಂದುಹಾಕಿದೆ ಎಂದರ್ಥ. ಇನ್ನಷ್ಟು ಬೇಕು, ಅಥವಾ ಆ ನೀರೇ ಬೇಡ.

ಕ್ಲೋರಿನ್ ಮಾಡಲಾಗದ್ದೂ ಇದೆ. ಪಾವಗಡ, ಕೋಲಾರದ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕ್ಲೋರಿನ್ನಿಗೂ ಮಾಮೂಲಿ ಫಿಲ್ಟರಿಗೂ ಅದು ಜಗ್ಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಸಾಂದ್ರವಾಗುತ್ತದೆ. ಅಂಥ ಕಡೆ ಸ್ನಾನಕ್ಕೆ ಮಾತ್ರ ಟ್ಯಾಂಕು, ಅಡುಗೆಗೂ ಕುಡಿಯಲೂ ಘಟಕದ ಆರ್‌ಒ ನೀರು. ರೋಗಾಣುಗಳಿಗಾದರೆ ಕುದಿಸುವುದಕ್ಕಿಂತ ನಂಬಿಕೆಯ ಉಪಾಯ ಇನ್ನೊಂದಿಲ್ಲ. ಕೊತಕೊತ ಒಂದು ನಿಮಿಷ ಕುದ್ದರೆ ಸಾಕು. ಸುಮಾರು 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930 ಮೀಟರ್, ಹಾಗಾಗಿ ನಮ್ಮ ರಾಜ್ಯದಲ್ಲೆಲ್ಲೂ ಒಂದೇ ನಿಮಿಷದ ಲೆಕ್ಕ. ಸ್ಪಿತಿಗೋ ಲಡಾಖಿಗೋ ಹೊರಟವರು ಮಾತ್ರ ಮೂರು ನಿಮಿಷ ನೆನಪಿಡಿ. ಫಿಲ್ಟರ್ ಪೆಟ್ಟಿಗೆಯ ಮೇಲಿನ ಮೈಕ್ರಾನ್ ಸಂಖ್ಯೆಯನ್ನೂ ಓದಿ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಫಿಲ್ಟರಿನ ಕಣ್ಣಿನ ಅಳತೆ. 5 ಮೈಕ್ರಾನ್ ಮಣ್ಣು ಹಿಡಿಯುತ್ತದೆ. ಬ್ಯಾಕ್ಟೀರಿಯಾ ಹಿಡಿಯಲು 0.2 ಬೇಕು. ಹೆಪಟೈಟಿಸ್ ಎ ವೈರಸ್ ಅದರೊಳಗಿಂದಲೂ ನುಸುಳುವಷ್ಟು ಸಣ್ಣದು. ಯುವಿ ದೀಪ ವೈರಸ್ಸನ್ನೂ ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿದ್ದರೆ ಮಾತ್ರ, ಅದೂ ದೀಪದ ಮುಂದೆ ಹಾದುಹೋಗುವ ಕ್ಷಣದಲ್ಲಿ. ಆಮೇಲಿನ ಪೈಪಿನಲ್ಲಿ ಕಾವಲಿಲ್ಲ.

ತಾಮ್ರದ ಬಗ್ಗೆ ನಮ್ಮ ಅತ್ತೆ ಕೇಳಿದ್ದರು: “ರಾತ್ರಿ ತಾಮ್ರದ ಬಿಂದಿಗೇಲಿ ಇಟ್ರೆ ನೀರು ತಾನೇ ಶುದ್ಧ ಆಗಲ್ವೇನಮ್ಮ?” ಆಗುತ್ತದೆ. 2012ರಲ್ಲಿ ಬೆಂಗಳೂರಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಕಾಲರಾ, ಭೇದಿ ತರುವ ಬ್ಯಾಕ್ಟೀರಿಯಾಗಳು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಉಳಿಯಲಿಲ್ಲ. ಅದಕ್ಕೆ ಬೇಕಿದ್ದದ್ದು ಸುತ್ತಲೂ ತಾಮ್ರ, ಕಡಿಮೆ ನೀರು, ಒಂದು ರಾತ್ರಿಯ ಪುರುಸೊತ್ತು. 120 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಒಂದು ತಾಮ್ರದ ತುಂಡು ಇಳಿಬಿಟ್ಟರೆ ಆ ಫಲ ಸಿಗುತ್ತದೆ ಎಂದು ನಂಬಬಾರದು. ಅತ್ತೆಯ ಬಿಂದಿಗೆ ಕುಡಿಯುವ ನೀರಿಗೆ ಗಾಡಿಯಲ್ಲಿ ಜಾಗ ಪಡೆದಿದೆ.

ಇಷ್ಟೆಲ್ಲ ಮಾಡಿಯೂ ಕೆಡಿಸುವುದು ತುಂಬಿಸುವ ಪೈಪು. ಬಂಕಿನವರು, ಹೋಂಸ್ಟೇಯವರು ಪ್ರೀತಿಯಿಂದಲೇ ತಮ್ಮ ಪೈಪು ಎಳೆದು ಕೊಡುತ್ತಾರೆ. ಅದು ಬೆಳಿಗ್ಗೆ ಕೊಟ್ಟಿಗೆ ತೊಳೆದ ಪೈಪು, ತುದಿ ಮಣ್ಣಿನಲ್ಲಿ ಬಿದ್ದಿದ್ದ ಪೈಪು. ಆಹಾರಕ್ಕೆ ಯೋಗ್ಯ ಎಂದು ಬರೆದಿರುವ ಸ್ವಂತ ಪೈಪು ಹತ್ತು ಮೀಟರ್ ಗಾಡಿಯಲ್ಲಿರಲಿ. ಬಳಸಿದ ಮೇಲೆ ನೀರು ಬಸಿದು, ಎರಡು ತುದಿ ಒಂದಕ್ಕೊಂದು ಸಿಕ್ಕಿಸಿ ಚೀಲದಲ್ಲಿಡಿ, ಇರುವೆ, ಜಿರಲೆ ಸೇರುವುದಿಲ್ಲ. ತುಂಬಿಸುವ ಮೊದಲು ನಲ್ಲಿಯ ಮೂತಿ ಒರೆಸಿ ಒಂದು ನಿಮಿಷ ಹರಿಯಲು ಬಿಡಿ. ಪೈಪಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗದಂತೆ ಮೇಲೆಯೇ ಹಿಡಿಯಿರಿ. ನಡುವೆ ಕರೆಂಟು ಹೋಗಿ ಮೋಟಾರು ನಿಂತರೆ ನಿಮ್ಮ ಟ್ಯಾಂಕಿನ ನೀರು ಅವರ ಮನೆಗೆ ಹಿಂದಕ್ಕೆ ಎಳೆಯಬಹುದು. ಟಾಯ್ಲೆಟ್ ತೊಳೆಯುವ ಪೈಪಿನ ಬಣ್ಣವೇ ಬೇರೆ ಇರಲಿ, ಇಡುವ ಜಾಗವೂ ಗಾಡಿಯ ಇನ್ನೊಂದು ಬದಿ. ಜರ್ಮನಿಯಲ್ಲಿ ಬಾಡಿಗೆ ಮೋಟರ್‌ಹೋಮ್ ಹಿಡಿದು ಸುತ್ತುವ ನಮ್ಮವರಿಗೆ ಒಂದು ಕಿವಿಮಾತು: ‘ಕೈನ್ ಟ್ರಿಂಕ್‌ವಾಸರ್’ ಎಂದಿರುವ ನಲ್ಲಿ ಕುಡಿಯುವುದಲ್ಲ. ‘ಟ್ರಿಂಕ್‌ವಾಸರ್’ ಎಂದು ಮಾತ್ರ ಇದ್ದರೂ ನಿಮಗಿಂತ ಮೊದಲು ಬಂದವರು ಟಾಯ್ಲೆಟ್ ಡಬ್ಬ ಅಲ್ಲೇ ತೊಳೆದಿರಬಹುದು, ಮೂತಿ ಒರೆಸದೆ ಪೈಪು ಸಿಕ್ಕಿಸಬೇಡಿ.

ಹೊಸದಾಗಿ ವ್ಯಾನ್ ಕಟ್ಟಿಸುವವರು ಶೆಡ್ಡಿನಲ್ಲಿ ಹಟ ಹಿಡಿಯಬೇಕಾದ ನಾಲ್ಕು ಸಂಗತಿಗಳಿವೆ. ಮೊಣಕೈವರೆಗೆ ಕೈ ಹೋಗುವಷ್ಟು ಬಾಯಿ ಮತ್ತು ಅದಕ್ಕೆ ಬಿಗಿ ಮುಚ್ಚಳ. ಬೆಳಕು ಒಳಗೆ ಬಿಡದ ಟ್ಯಾಂಕು, ಏಕೆಂದರೆ ಬೆಳಕಿಲ್ಲದೆ ಪಾಚಿ ಬೆಳೆಯದು. ಅತಿ ತಗ್ಗಿನ ಜಾಗದಲ್ಲಿ ಪೂರ್ತಿ ಖಾಲಿಯಾಗುವ ನಲ್ಲಿ. ಗಾಳಿ ಹೋಗುವ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ, ಡೆಂಗಿ ಸೊಳ್ಳೆಗೆ ಇಷ್ಟವಾದದ್ದೇ ಇಂಥ ನಿಂತ ತಿಳಿನೀರು. ನಮ್ಮ ಟ್ಯಾಂಕನ್ನು ಅದೇ ಮೇಸ್ತ್ರಿ ಆಮೇಲೆ ಬದಲಿಸಿಕೊಟ್ಟರು. ಜಾಲರಿಯ ಲೋಳೆಯನ್ನು ಅವರ ಬೆರಳಿಗೂ ಮುಟ್ಟಿಸಿದ್ದೆ.

ಈಗ ಊರಿಂದ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಗಾಡಿಯ ತಳದ ನಲ್ಲಿ ತಿರುಗಿಸಿಯೇ ಮನೆಯೊಳಗೆ ಹೋಗುವುದು. ಮಿಕ್ಕ ನೀರೆಲ್ಲ ಕಾಂಪೌಂಡಿನ ದಾಸವಾಳದ ಬುಡಕ್ಕೆ. ಬೆಳಿಗ್ಗೆ ಎಲ್ಲ ನಲ್ಲಿ ತೆರೆದು, ಟ್ಯಾಂಕಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ಒಳಗೆ ಕೈಯಾಡಿಸಿದರೆ ಒಣಗಿರಬೇಕು.